ಶಾಲೆಯ 14 ಕಂಪ್ಯೂಟರ್‌ಗೆ ಒಂದೇ ಪೆನ್‌ಡ್ರೈವ್: ಮಿಂಟ್ ಐಎಸ್‌ಒ ಒಳಗೇ ಕನ್ನಡ ಸೇರಿಸೋದು ಹೇಗೆ?

ಮಧುಗಿರಿ ಗಣಿತ ಟೀಚರ್:

ಎಲ್ಲರಿಗೂ ನಮಸ್ಕಾರ. ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಕಂಪ್ಯೂಟರ್ ಕೋಣೆಯ ಬೀಗದ ಕೈ ಕೂಡ ನನ್ನ ಹತ್ತಿರವೇ ಇದೆ. ಬೆಂಗಳೂರಿನ ಒಂದು ಕಂಪನಿಯವರು ತಾವು ಬಳಸಿ ಬಿಟ್ಟ 14 ಕಂಪ್ಯೂಟರ್ ಕೊಟ್ಟಿದ್ದಾರೆ. 9 ಮೆಷಿನ್ ಹಳೇ ಕೋರ್ 2 ಡ್ಯುಯೊ, ಉಳಿದ 5 ಐ3. ಎಲ್ಲದರಲ್ಲೂ 4 ಜಿಬಿ ರ‍್ಯಾಮ್ ಇದೆ. ಹಾರ್ಡ್ ಡಿಸ್ಕ್ ಮಾತ್ರ ಒಂದೊಂದರಲ್ಲಿ ಒಂದೊಂದು ಅಳತೆ.

ಲಿನಕ್ಸ್ ಮಿಂಟ್ 21.3 ಎಕ್ಸ್‌ಎಫ್‌ಸಿಇ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಎರಡು ಮೆಷಿನ್ ಮುಗಿಸುವಷ್ಟರಲ್ಲಿ ಒಂದು ಶನಿವಾರ, ಒಂದು ಭಾನುವಾರ ಹೋಯಿತು. ಇನ್‌ಸ್ಟಾಲ್ ಆಗೋದಕ್ಕೆ ಜಾಸ್ತಿ ಹೊತ್ತು ಬೇಡ. ಅದರ ನಂತರದ ಕೆಲಸವೇ ದೊಡ್ಡದು. ಕನ್ನಡ ಭಾಷಾ ಪ್ಯಾಕ್, ಲಿಬ್ರೆಆಫೀಸ್‌ನ ಕನ್ನಡ, ಜಿಕಾಂಪ್ರಿ, ಟಕ್ಸ್ ಪೇಂಟ್, ಜಿಯೋಜೀಬ್ರಾ, ಇಷ್ಟನ್ನೂ ನನ್ನ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಇಳಿಸಬೇಕು. ಮಧ್ಯದಲ್ಲಿ ಕರೆಂಟು ಹೋದರೆ ಅರ್ಧಕ್ಕೆ ನಿಲ್ಲುತ್ತದೆ. ಯುಪಿಎಸ್ ಬ್ಯಾಟರಿಗಳು ಸತ್ತು ವರ್ಷವಾಗಿದೆ.

ಇದಕ್ಕಿಂತ ಮುಖ್ಯವಾದದ್ದು ಕೀಲಿಮಣೆ. ನಮ್ಮ ಮಕ್ಕಳು ನುಡಿಯ ಕಗಪ ವಿನ್ಯಾಸ ಕಲಿತಿದ್ದಾರೆ. ಎಂಟನೇ ತರಗತಿಯ ಒಬ್ಬ ಹುಡುಗಿಯ ಹೆಸರಿನಲ್ಲಿ 'ಕ್ಷ್ಮೀ' ಇದೆ. ಅದನ್ನು ಅವಳು ಕೀಲಿಮಣೆ ನೋಡದೆ ಒತ್ತುತ್ತಾಳೆ. ಹೊಸ ಮೆಷಿನ್ ಮುಂದೆ ಕೂತು ಒತ್ತಿದಾಗ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಬಂದವು. "ಟೀಚರ್, ಇದರಲ್ಲಿ ನನ್ನ ಹೆಸರು ಬರಲ್ವಾ?" ಅಂದಳು. ಆ ಮಾತು ಕೇಳಿದ ಮೇಲೆ, ಮೆಷಿನ್ ಆನ್ ಆದ ಮೊದಲ ಸಲವೇ ಕನ್ನಡ ಸಿದ್ಧವಾಗಿರಬೇಕು ಅಂತ ಗಟ್ಟಿ ಮಾಡಿಕೊಂಡೆ.

ಹಾಗಾಗಿ ಮಿಂಟ್ ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಐಎಸ್‌ಒ ಫೈಲನ್ನೇ ಬದಲಾಯಿಸಲು ನೋಡಿದೆ. 7-ಜಿಪ್‌ನಲ್ಲಿ ಬಿಚ್ಚಿದೆ. 'ಕನ್ನಡ' ಅಂತ ಫೋಲ್ಡರ್ ಮಾಡಿ ಬೇಕಾದ ಪ್ಯಾಕೇಜ್‌ಗಳನ್ನು ಹಾಕಿದೆ. ಸಿಡಿ ಬರೆಯುವ ಒಂದು ಸಾಫ್ಟ್‌ವೇರ್‌ನಲ್ಲಿ ಮತ್ತೆ ಐಎಸ್‌ಒ ಮಾಡಿದೆ. ಪೆನ್‌ಡ್ರೈವ್‌ಗೆ ಬರೆದು ಹಾಕಿದರೆ ಹಳೇ ಮೆಷಿನ್ ಬೂಟ್ ಮಾಡುವ, ಅಂದರೆ ಶುರುವಾಗಲು ಬೇಕಾದ, ಸಾಧನವೇ ಇಲ್ಲ ಅನ್ನುತ್ತದೆ. ಐ3 ಮೆಷಿನ್ ಪೆನ್‌ಡ್ರೈವನ್ನು ಪಟ್ಟಿಯಲ್ಲೇ ತೋರಿಸುವುದಿಲ್ಲ. ಫೈಲ್‌ಗಳೆಲ್ಲ ಹಾಗೇ ಇವೆ, ಒಂದನ್ನೂ ಅಳಿಸಿಲ್ಲ. ಎಲ್ಲಿ ತಪ್ಪಿದೆ?

ಕೆಜಿಎಫ್ ಲಿನಕ್ಸ್:

ಮೇಡಂ, ಎರಡು ಬೇರೆ ಬೇರೆ ವಿಷಯ ಇಲ್ಲಿ ಸೇರಿಕೊಂಡಿವೆ.

ಮೊದಲನೆಯದು ಬೂಟ್. ಐಎಸ್‌ಒ ಅಂದರೆ ಬರೀ ಫೈಲ್‌ಗಳ ಗಂಟು ಅಲ್ಲ. ಅದು 2048 ಬೈಟ್‌ಗಳ ಸೆಕ್ಟರ್‌ಗಳ ಸಾಲು. ಮೊದಲ 16 ಸೆಕ್ಟರ್, ಅಂದರೆ 32 ಕೆಬಿ, ಐಎಸ್‌ಒ 9660 ನಿಯಮದ ಪ್ರಕಾರ ಖಾಲಿ ಜಾಗ. ಪೆನ್‌ಡ್ರೈವ್‌ನಿಂದಲೂ ಬೂಟ್ ಆಗಲಿ ಅಂತ ಲಿನಕ್ಸ್‌ನವರು ಹಾರ್ಡ್ ಡಿಸ್ಕ್‌ಗೆ ಇರುವಂಥ ಎಂಬಿಆರ್ (ಬೂಟ್ ಶುರು ಮಾಡುವ ಮೊದಲ ಕೋಡ್) ಅನ್ನು ಆ ಖಾಲಿ ಜಾಗದಲ್ಲೇ ಕೂರಿಸಿರುತ್ತಾರೆ. ಆಮೇಲೆ ಡಿಸ್ಕಿನ ವಿವರ. ಅದರ ಹಿಂದೆಯೇ 'ಎಲ್ ಟೊರಿಟೊ' ದಾಖಲೆ, ಬೂಟ್ ಮಾಡುವ ಕೋಡ್ ಎಲ್ಲಿದೆ ಅಂತ ಬಯೋಸ್‌ಗೆ (ಮೆಷಿನ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮ್) ತೋರಿಸುವ ಕೈಮರ. ಇದನ್ನು ಫೀನಿಕ್ಸ್ ಮತ್ತು ಐಬಿಎಂನವರು ಸೇರಿ 1995ರಲ್ಲಿ ಮಾಡಿದರು. ಹಳೇ ಬಯೋಸ್ ಬದಲು ಹೊಸ ಯುಇಎಫ್‌ಐ ಇರುವ ಮೆಷಿನ್‌ಗೆ ಬೇಕಾದ ಪುಟ್ಟ ಪಾರ್ಟಿಷನ್ (ಡಿಸ್ಕಿನ ಭಾಗ) ಇನ್ನೊಂದು ಕಡೆ ಇರುತ್ತದೆ.

ಇವು ಯಾವುವೂ ಸಾಮಾನ್ಯ ಫೈಲ್ ಅಲ್ಲ. 7-ಜಿಪ್‌ನಲ್ಲಿ ಬಿಚ್ಚಿದಾಗ ಫೈಲ್‌ಗಳು ಹೊರಗೆ ಬಂದವು, ಇವು ಅಲ್ಲೇ ಉಳಿದವು. ನೀವು ಹೊಸದಾಗಿ ಮಾಡಿದ ಐಎಸ್‌ಒ ಬರೀ ಡೇಟಾ ಡಿಸ್ಕ್. ಎರಡೂ ಥರದ ಮೆಷಿನ್ ಅದನ್ನು ಒಪ್ಪದೇ ಇದ್ದದ್ದು ಅದಕ್ಕೇ.

ಎರಡನೆಯದು ಇನ್ನೂ ದೊಡ್ಡದು. ನಿಮ್ಮ ಐಎಸ್‌ಒ ಬೂಟ್ ಆಗಿದ್ದರೂ ಕನ್ನಡ ಬರುತ್ತಿರಲಿಲ್ಲ. ಮಿಂಟ್‌ನ ನಿಜವಾದ ವ್ಯವಸ್ಥೆ ಇರೋದು 'ಕ್ಯಾಸ್ಪರ್' ಫೋಲ್ಡರ್‌ನ ಒಳಗೆ, 'ಫೈಲ್‌ಸಿಸ್ಟಮ್ ಡಾಟ್ ಸ್ಕ್ವಾಶ್‌ಎಫ್‌ಎಸ್' ಅನ್ನೋ ಒಂದೇ ಒಂದು ಒತ್ತಿ ಕಟ್ಟಿದ ಫೈಲ್‌ನಲ್ಲಿ. ಇನ್‌ಸ್ಟಾಲರ್ ಆ ಫೈಲನ್ನು ಹಾರ್ಡ್ ಡಿಸ್ಕಿನ ಮೇಲೆ ಬಿಚ್ಚಿ ಹರಡುತ್ತದೆ. ಹೊರಗಡೆ ಇಟ್ಟ ಫೋಲ್ಡರ್ ಕಡೆ ಅದು ತಿರುಗಿಯೂ ನೋಡೋದಿಲ್ಲ. ನಿಮ್ಮ ಪ್ಯಾಕೇಜ್‌ಗಳು ಆ ಒಳಗಿನ ಡಬ್ಬಿಗೆ ಹೋಗಬೇಕು.

ಕೈಯಾರೆ ಮಾಡೋದಾದರೆ ದಾರಿ ಇದು: ಸ್ಕ್ವಾಶ್‌ಎಫ್‌ಎಸ್ ಬಿಚ್ಚಿ, ಚ್‌ರೂಟ್ (ಬಿಚ್ಚಿದ ವ್ಯವಸ್ಥೆಯ ಒಳಗೆ ಕೂತು ಕೆಲಸ ಮಾಡಲು ಬಿಡುವ ಕಮಾಂಡ್) ಮೂಲಕ ಒಳಗೆ ಹೋಗಿ, ಪ್ಯಾಕೇಜ್ ಹಾಕಿ, ಮತ್ತೆ ಒತ್ತಿ ಕಟ್ಟಿ, ಎಕ್ಸ್‌ಆರಿಸೊದಿಂದ ಹೊಸ ಐಎಸ್‌ಒ ಬರೆಯೋದು. ಎಕ್ಸ್‌ಆರಿಸೊಗೆ ಹಳೇ ಐಎಸ್‌ಒ ಓದಲು ಕೊಟ್ಟು, ಬೂಟ್ ಇಮೇಜ್ ವಿಷಯದಲ್ಲಿ 'ರಿಪ್ಲೇ' ಅಂತ ಹೇಳಿದರೆ ಹಳೆಯದರ ಬೂಟ್ ಏರ್ಪಾಡನ್ನು ಹಾಗೇ ಹೊಸದಕ್ಕೆ ಹೊತ್ತು ತರುತ್ತದೆ. ಆದರೆ ನಿಮಗೆ ಕ್ಯೂಬಿಕ್ ಸಾಕು. ಉಬುಂಟು ಮತ್ತು ಅದರ ಮೇಲೆ ಕಟ್ಟಿದ ಮಿಂಟ್‌ನಂಥವುಗಳ ಐಎಸ್‌ಒ ಬದಲಾಯಿಸಲೆಂದೇ ಮಾಡಿದ್ದು ಅದು. ಈ ಹೆಜ್ಜೆಗಳನ್ನೆಲ್ಲ ತಾನೇ ಮಾಡಿ, ಮಧ್ಯದಲ್ಲಿ ನಿಮಗೊಂದು ಟರ್ಮಿನಲ್ ತೆರೆದು ಕೊಡುತ್ತದೆ. ಈಗಾಗಲೇ ಮಿಂಟ್ ಹಾಕಿರುವ ಮೆಷಿನ್‌ನಲ್ಲೇ ಓಡಿಸಬಹುದು. 20 ಜಿಬಿ ಜಾಗ ಖಾಲಿ ಇಟ್ಟುಕೊಳ್ಳಿ.

ಶಿಡ್ಲಘಟ್ಟ ರಿಪೇರಿ:

ಇಷ್ಟೆಲ್ಲ ಯಾಕೆ ಮೇಡಂ? ಒಂದು ಮೆಷಿನ್ ಚೆನ್ನಾಗಿ ಸಿದ್ಧ ಮಾಡಿ ಕ್ಲೋನ್‌ಜಿಲ್ಲಾದಲ್ಲಿ ಇಡೀ ಡಿಸ್ಕಿನ ನಕಲು (ಇಮೇಜ್) ತೆಗೆದು ಉಳಿದ 13ಕ್ಕೆ ಇಳಿಸಿ. ನಮ್ಮ ಅಂಗಡಿಯಲ್ಲಿ ರೇಷ್ಮೆ ವ್ಯಾಪಾರಿಗಳ ಮೆಷಿನ್‌ಗೆ ನಾನು ಮಾಡೋದು ಹಾಗೇನೇ.

ಕೆಜಿಎಫ್ ಲಿನಕ್ಸ್:

ಅಣ್ಣ, ಎಲ್ಲಾ ಮೆಷಿನ್ ಒಂದೇ ಥರ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಡಿಸ್ಕ್ ಅಳತೆ ಬೇರೆ ಬೇರೆ. ದೊಡ್ಡ ಡಿಸ್ಕಿನ ಇಮೇಜನ್ನು ಚಿಕ್ಕ ಡಿಸ್ಕಿಗೆ ಇಳಿಸಲು ಕ್ಲೋನ್‌ಜಿಲ್ಲಾ ಸುಲಭಕ್ಕೆ ಒಪ್ಪಲ್ಲ. 9 ಮೆಷಿನ್ ಹಳೇ ಬಯೋಸ್, 5 ಯುಇಎಫ್‌ಐ. ಅಲ್ಲಿಗೇ ಎರಡು ಇಮೇಜ್ ಆಯಿತು. ಮೆಷಿನ್‌ನ ಹೆಸರು, ಒಳಗಿನ ಮೆಷಿನ್ ಐಡಿ ಎಲ್ಲಾ 14ರಲ್ಲೂ ಒಂದೇ ಆಗುತ್ತದೆ, ಆಮೇಲೆ ಒಂದೊಂದನ್ನೂ ತಿದ್ದಬೇಕು. ಇನ್‌ಸ್ಟಾಲರ್ ಆದರೆ ಆಯಾ ಮೆಷಿನ್ ನೋಡಿಕೊಂಡು ಹೊಸದಾಗಿ ಹಾಕುತ್ತದೆ.

ಶಿಡ್ಲಘಟ್ಟ ರಿಪೇರಿ:

ಡಿಸ್ಕ್ ಅಳತೆ ಬೇರೆ ಅನ್ನೋದನ್ನ ನಾನು ಓದಿರಲಿಲ್ಲ. ಹಾಗಾದರೆ ನೀವು ಹೇಳಿದ್ದೇ ಸರಿ. ಮೇಡಂ, ವೆಂಟಾಯ್ ಗೊತ್ತಿರಲಿ. ಅದನ್ನು ಪೆನ್‌ಡ್ರೈವ್‌ಗೆ ಒಂದು ಸಲ ಹಾಕಿದರೆ ಐಎಸ್‌ಒಗಳನ್ನು ಸುಮ್ನೆ ಕಾಪಿ ಮಾಡಿಕೊಂಡು ಹೋಗಬಹುದು. ಒಂದೇ ಪೆನ್‌ಡ್ರೈವ್‌ನಲ್ಲಿ ಮೂಲ ಮಿಂಟ್ ಒಂದು, ನಿಮ್ಮ ಕನ್ನಡದ್ದು ಒಂದು ಇಟ್ಟುಕೊಳ್ಳಿ. ನಿಮ್ಮದು ಕೈ ಕೊಟ್ಟರೆ ಮೂಲದ್ದು ಇರುತ್ತದೆ.

ಮಧುಗಿರಿ ಗಣಿತ ಟೀಚರ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡಬ್ಬಿಯೊಳಗೆ ಡಬ್ಬಿ ಇದೆ ಅನ್ನೋದು ಗೊತ್ತೇ ಇರಲಿಲ್ಲ. ಕ್ಯೂಬಿಕ್ ಹಾಕಿದೆ. ಟರ್ಮಿನಲ್ ತೆರೆದುಕೊಂಡಾಗ ಅದು ನನ್ನ ಮೆಷಿನ್ ಅಲ್ಲ, ಇನ್ನೂ ಹುಟ್ಟದೇ ಇರುವ 14 ಮೆಷಿನ್‌ಗಳ ಒಳಗೆ ನಿಂತಿದ್ದೇನೆ ಅನ್ನಿಸಿತು.

ಭಾಷಾ ಪ್ಯಾಕ್, ಪಾಠದ ಸಾಫ್ಟ್‌ವೇರ್ ಎಲ್ಲಾ ಸೇರಿಸಿದೆ. ಫಾಂಟ್‌ಗಳಲ್ಲಿ ಲೋಹಿತ್, ನೋಟೊ, ಗುಬ್ಬಿ, ನವಿಲು ಹಾಕಿದೆ. (ಗುಬ್ಬಿ ಅಂದ ಕೂಡಲೇ ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕು ನೆನಪಾಯಿತು. ಜೊತೆಗೆ ನವಿಲು ಇದೆಯಲ್ಲ, ಹಾಗಾಗಿ ಇದು ಹಕ್ಕಿ ಗುಬ್ಬಿಯೇ ಇರಬೇಕು.) ಕನ್ನಡ ಟೈಪ್ ಮಾಡಲು ಬೇಕಾದ ಐಬಸ್, ಅದಕ್ಕೆ ಕೀಲಿಮಣೆ ವಿನ್ಯಾಸ ಕೊಡುವ ಎಂ17ಎನ್ ಕೂಡ ಹಾಕಿದೆ. ಕಗಪ ವಿನ್ಯಾಸ ಅದರಲ್ಲಿ 'ಕೆಜಿಪಿ' ಅನ್ನೋ ಹೆಸರಿನಲ್ಲಿ ಸಿಕ್ಕಿತು.

ವರ್ಚುವಲ್‌ಬಾಕ್ಸ್‌ನಲ್ಲಿ (ಮೆಷಿನ್ ಒಳಗೇ ಇನ್ನೊಂದು ನಕಲಿ ಮೆಷಿನ್ ಓಡಿಸುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡಿ ನೋಡಿದೆ. ಬೂಟ್ ಆಯಿತು! ಕನ್ನಡ ಮೆನು ಬಂತು. ಆದರೆ ಕೀಲಿಮಣೆ ಮತ್ತೆ ಇಂಗ್ಲಿಷ್. ಐಬಸ್ ಇದೆ, ಕೆಜಿಪಿಯೂ ಇದೆ, ಆದರೆ ಪಟ್ಟಿಗೆ ಸೇರಿಲ್ಲ. ಕ್ಯೂಬಿಕ್ ಒಳಗೆ ಸೆಟ್ಟಿಂಗ್ ಮಾಡಿದ್ದೆನಲ್ಲ, ಅದು ಎಲ್ಲಿ ಹೋಯಿತು?

ಕೆಜಿಎಫ್ ಲಿನಕ್ಸ್:

ಅಲ್ಲಿ ನೀವು ರೂಟ್ (ಮೆಷಿನ್‌ನ ಯಜಮಾನ ಖಾತೆ) ಆಗಿ ಸೆಟ್ಟಿಂಗ್ ಮಾಡಿದಿರಿ. ಅದು ರೂಟ್‌ನ ಮನೆಯಲ್ಲಿ ಉಳಿಯಿತು. ಮಕ್ಕಳ ಖಾತೆ ಹುಟ್ಟೋದು ಇನ್‌ಸ್ಟಾಲ್ ಆಗುವಾಗ. ಆಗ ಅವರ ಮನೆಗೆ ಸಾಮಾನು ಬರೋದು 'ಇಟಿಸಿ'ಯ ಒಳಗಿನ 'ಸ್ಕೆಲ್' ಫೋಲ್ಡರ್‌ನಿಂದ. ಅಲ್ಲಿ ಏನಿಟ್ಟರೂ ಹೊಸದಾಗಿ ಮಾಡುವ ಪ್ರತಿ ಖಾತೆಗೂ ಒಂದು ನಕಲು ಹೋಗುತ್ತದೆ. ಲಾಗಿನ್ ಆದ ಕೂಡಲೇ ಐಬಸ್ ಶುರುವಾಗಬೇಕು ಅನ್ನೋ 'ಡಾಟ್ ಎಕ್ಸ್‌ಇನ್‌ಪುಟ್‌ಆರ್‌ಸಿ' ಫೈಲನ್ನು ಅಲ್ಲಿ ಇಡಿ.

ಐಬಸ್‌ನ ಭಾಷೆಗಳ ಪಟ್ಟಿ ಇರೋದು ಡಿಕಾನ್ಫ್ ಅನ್ನೋ ಸೆಟ್ಟಿಂಗ್‌ಗಳ ಉಗ್ರಾಣದಲ್ಲಿ. ಅದಕ್ಕೆ ಇಡೀ ಮೆಷಿನ್‌ಗೆ ಅನ್ವಯಿಸುವ ಮೂಲ ಸೆಟ್ಟಿಂಗ್ ಕೊಡಬಹುದು. 'ಇಟಿಸಿ ಡಿಕಾನ್ಫ್' ಒಳಗೆ ಒಂದು ಪ್ರೊಫೈಲ್ ಫೈಲ್, ಒಂದು ಪಟ್ಟಿಯ ಫೈಲ್. ಪಟ್ಟಿಯಲ್ಲಿ ಇಂಗ್ಲಿಷ್ ಮೊದಲು, ಕನ್ನಡ ಕೆಜಿಪಿ ಎರಡನೆಯದು. ಬರೆದ ಮೇಲೆ ಡಿಕಾನ್ಫ್ ಅಪ್‌ಡೇಟ್ ಕಮಾಂಡ್ ಕೊಡಲೇಬೇಕು. ಅದನ್ನು ಮರೆತರೆ ಫೈಲ್ ಸರಿಯಾಗಿದ್ದರೂ ಏನೂ ಬದಲಾಗಲ್ಲ.

ಇನ್ನೊಂದು. ಇನ್‌ಸ್ಟಾಲ್ ಆದ ಮೇಲೆ ಯಾವ ಪ್ಯಾಕೇಜ್ ತೆಗೆಯಬೇಕು ಅನ್ನೋ ಪಟ್ಟಿಯೊಂದನ್ನು ಕ್ಯೂಬಿಕ್ ತೋರಿಸುತ್ತದೆ. ಅದರಲ್ಲಿ ಕನ್ನಡದ್ದು ಯಾವುದಕ್ಕೂ ಗುರುತು ಬಿದ್ದಿಲ್ಲ ಅಂತ ನೋಡಿಕೊಳ್ಳಿ. ಒತ್ತಿ ಕಟ್ಟುವ ವಿಧಾನಗಳಲ್ಲಿ ಎಕ್ಸ್‌ಜೆಡ್ ಆರಿಸಿದರೆ ಫೈಲ್ ಚಿಕ್ಕದಾಗುತ್ತದೆ, ಆದರೆ ಕೋರ್ 2 ಡ್ಯುಯೊದಲ್ಲಿ ಬಿಚ್ಚೋದು ನಿಧಾನ. ಜಡ್‌ಸ್ಟಾಂಡರ್ಡ್ ಇಡಿ.

ಮಧುಗಿರಿ ಗಣಿತ ಟೀಚರ್:

ಬಂತು ಸರ್! ವರ್ಚುವಲ್‌ಬಾಕ್ಸ್‌ನಲ್ಲಿ ಹೊಸ ಖಾತೆ ತೆರೆದು, ಆ ಹುಡುಗಿಯ ಹೆಸರನ್ನೇ ಒತ್ತಿ ನೋಡಿದೆ. 'ಕ್ಷ್ಮೀ' ಒಂದಿಷ್ಟೂ ಒಡೆಯದೆ ಬಂತು.

ಇನ್ನು ಇನ್‌ಸ್ಟಾಲರ್ ಪ್ರಶ್ನೆಗಳು. ಭಾಷೆ, ಊರಿನ ಸಮಯ, ಕೀಲಿಮಣೆ, ಬಳಕೆದಾರರ ಹೆಸರು, ಡಿಸ್ಕ್ ಯಾವುದು, ಹೀಗೆ ಎಲ್ಲವನ್ನೂ ಕೇಳುತ್ತದೆ. ಪ್ರಿಸೀಡ್ ಫೈಲ್‌ನಲ್ಲಿ ಉತ್ತರ ಬರೆದಿಟ್ಟರೆ ತಾನೇ ಮುಗಿಸುತ್ತದೆ ಅಂತ ಓದಿದೆ. ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿ, ನಾನು ಪಾಠಕ್ಕೆ ಹೋಗಿ ಬರುವಷ್ಟರಲ್ಲಿ ಮುಗಿದಿರಬೇಕು ಅಂತ ಆಸೆ.

ತಿಪಟೂರು ಡಿಟಿಪಿ:

ಮೇಡಂ, ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಈ ಕೊನೆಯ ಮಾತಿಗೆ ಉತ್ತರ ಕೊಡದೆ ಇರೋಕೆ ಆಗಲ್ಲ. ಡಿಸ್ಕಿನ ಪ್ರಶ್ನೆಗೆ ಮಾತ್ರ ಉತ್ತರ ಬರೆದಿಡಬೇಡಿ.

ನನ್ನದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕೊಬ್ಬರಿ ಮಂಡಿಯವರ ಬಿಲ್ ಪುಸ್ತಕ ಮಾಡಿಕೊಡುತ್ತೇನೆ. ಕೆಲವು ವರ್ಷದ ಹಿಂದೆ ಪರಿಚಯದವರೊಬ್ಬರು ನೀವು ಕೇಳಿದಂಥದ್ದೇ ಪೆನ್‌ಡ್ರೈವ್ ಮಾಡಿಕೊಟ್ಟರು. ಹತ್ತು ಸೆಕೆಂಡ್ ಯಾರೂ ಏನೂ ಒತ್ತದಿದ್ದರೆ ಇನ್‌ಸ್ಟಾಲ್ ಶುರು. ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕುತ್ತದೆ. ಹೊಸ ಮೆಷಿನ್‌ಗೆ ಹಾಕಿದೆ, ಬಹಳ ಖುಷಿಯಾಯಿತು. ಆಮೇಲೆ ಅದೇ ಪೆನ್‌ಡ್ರೈವ್‌ನಿಂದ ಯಾವುದೋ ಫೈಲ್ ತೆಗೆಯಲು ಹಳೇ ಮೆಷಿನ್‌ಗೆ ಚುಚ್ಚಿದೆ. ಚುಚ್ಚಿದ್ದು ಹಾಗೇ ಇತ್ತು. ಊಟಕ್ಕೆ ಮನೆಗೆ ಹೋದೆ.

ಆ ಹೊತ್ತಿಗೆ ಕರೆಂಟು ಹೋಗಿ ಬಂತು. ಕರೆಂಟು ಬಂದಾಗ ತಾನೇ ಆನ್ ಆಗುವ ಹಾಗೆ ಆ ಮೆಷಿನ್ ಇಟ್ಟಿದ್ದೆ. ಬಯೋಸ್‌ನಲ್ಲಿ ಮೊದಲು ಯುಎಸ್‌ಬಿ ಅಂತ ಇತ್ತು. ನಾನು ವಾಪಸ್ ಬಂದಾಗ ಪರದೆ ಮೇಲೆ ಹೊಚ್ಚ ಹೊಸ ಡೆಸ್ಕ್‌ಟಾಪ್ ಕೂತಿತ್ತು. ಆರು ವರ್ಷದ ಲಗ್ನಪತ್ರಿಕೆ ಫೈಲ್‌ಗಳು, ನುಡಿಯಲ್ಲಿ ಟೈಪ್ ಮಾಡಿದ ಒಂದು ಮಠದ ಇಡೀ ಸ್ಮರಣ ಸಂಚಿಕೆ, ಎಲ್ಲವೂ ಹೋದವು. ಸಂಚಿಕೆ ಮಾತ್ರ ಒಂದು ಪ್ರಿಂಟ್ ಉಳಿದಿತ್ತು. ನನ್ನ ಹೆಂಡತಿ ಇಪ್ಪತ್ತು ದಿನ ಕೂತು ಮತ್ತೆ ಟೈಪ್ ಮಾಡಿದಳು.

ನಿಮ್ಮೂರಲ್ಲೂ ಕರೆಂಟು ಹೋಗಿ ಬರುತ್ತದೆ. ಮಕ್ಕಳ ಕೆಲಸ ಮೆಷಿನ್‌ನಲ್ಲಿರುತ್ತದೆ. ಪೆನ್‌ಡ್ರೈವ್ ಯಾರೋ ಚುಚ್ಚಿ ಮರೆಯುತ್ತಾರೆ. ದಯವಿಟ್ಟು ಡಿಸ್ಕ್ ಪ್ರಶ್ನೆಯನ್ನು ಮನುಷ್ಯರಿಗೇ ಬಿಡಿ.

ಕೆಜಿಎಫ್ ಲಿನಕ್ಸ್:

ಇವರು ಹೇಳಿದ್ದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಮಿಂಟ್ 21.3ರ ಇನ್‌ಸ್ಟಾಲರ್ ಯುಬಿಕ್ವಿಟಿ. ಬೂಟ್ ಸಾಲಿನಲ್ಲಿ 'ಆಟೊಮ್ಯಾಟಿಕ್ ಯುಬಿಕ್ವಿಟಿ' ಅಂತ ಸೇರಿಸಿ, ಪ್ರಿಸೀಡ್‌ನಲ್ಲಿ ಭಾಷೆ, ಸಮಯ, ಕೀಲಿಮಣೆ, ಬಳಕೆದಾರರ ವಿವರ ಬರೆಯಿರಿ. ಪಾರ್ಟಿಷನ್ ಬಗ್ಗೆ ಒಂದಕ್ಷರವೂ ಬೇಡ. ಉತ್ತರ ಸಿಗದ ಪ್ರಶ್ನೆಗೆ ಅದು ನಿಂತು ಕೇಳುತ್ತದೆ. ಪಾಸ್‌ವರ್ಡನ್ನು ಇದ್ದ ಹಾಗೇ ಬರೆಯಬೇಡಿ, ಹ್ಯಾಶ್ ಮಾಡಿ (ಓದಿದರೂ ಮೂಲ ಗೊತ್ತಾಗದ ಹಾಗೆ ಬದಲಾಯಿಸಿ) ಹಾಕಿ. ಆ ಫೈಲನ್ನು ಪೆನ್‌ಡ್ರೈವ್ ಸಿಕ್ಕವರೆಲ್ಲ ಓದಬಹುದು.

ಮೆನು ಸ್ವಲ್ಪ ಹೊತ್ತು ಕಾದು ತಾನೇ ಹೊರಡುವುದನ್ನೂ ತೆಗೆಯಿರಿ, ನೀವು ಒತ್ತುವ ತನಕ ಅದು ಕಾಯಲಿ. ಇಲ್ಲಿ ಹುಷಾರು. ಹಳೇ ಬಯೋಸ್ ಮೆಷಿನ್ ಓದೋದು ಐಸೊಲಿನಕ್ಸ್ ಮೆನು, ಯುಇಎಫ್‌ಐ ಮೆಷಿನ್ ಓದೋದು ಗ್ರಬ್ ಮೆನು. ಎರಡೂ ಬೇರೆ ಫೈಲ್, ಎರಡನ್ನೂ ತಿದ್ದಬೇಕು. ಐಸೊಲಿನಕ್ಸ್‌ನಲ್ಲಿ ಟೈಮ್‌ಔಟ್ 0 ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಗ್ರಬ್‌ನಲ್ಲಿ 0 ಅಂದರೆ ಒಂದು ಕ್ಷಣವೂ ಕಾಯದೆ ಹೊರಡುತ್ತದೆ. ಗ್ರಬ್ ಕಾಯಬೇಕಾದರೆ ಮೈನಸ್ 1 ಕೊಡಬೇಕು. ಎರಡಕ್ಕೂ 0 ಹಾಕಿದರೆ ನಿಮ್ಮ 5 ಐ3 ಮೆಷಿನ್‌ಗಳಲ್ಲಿ ತಿಪಟೂರಿನ ಕಥೆಯ ಮೊದಲರ್ಧ ಮತ್ತೆ ಆಗುತ್ತದೆ.

ವರ್ಚುವಲ್‌ಬಾಕ್ಸ್‌ನಲ್ಲಿ ಇಎಫ್‌ಐ ಅನ್ನೋ ಗುರುತು ಹಾಕಿ ಒಮ್ಮೆ, ತೆಗೆದು ಒಮ್ಮೆ, ಎರಡು ಸಲ ಪರೀಕ್ಷೆ ಮಾಡಿ. ಆಮೇಲೆ ನಿಜವಾದ ಮೆಷಿನ್.

ಮಧುಗಿರಿ ಗಣಿತ ಟೀಚರ್:

ತಿಪಟೂರು ಸರ್, ನಿಮ್ಮ ಮಾತು ಓದಿ ಎದ್ದು ಹೋಗಿ ಲ್ಯಾಬಿನ ಎರಡೂ ಮೆಷಿನ್‌ನ ಬಯೋಸ್‌ನಲ್ಲಿ ಹಾರ್ಡ್ ಡಿಸ್ಕನ್ನು ಮೊದಲು ಮಾಡಿ ಬಂದೆ. ಇನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕಾದರೆ ಬೇಕೆಂದೇ ಕೀ ಒತ್ತಿ ಆರಿಸಬೇಕು. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಿಸೀಡ್ ಆಯಿತು. ಡಿಸ್ಕ್ ಪುಟದಲ್ಲಿ ನಿಂತು ಕೇಳುತ್ತದೆ. ಮಿಕ್ಕಿದ್ದಕ್ಕೆ ಬಾಯಿ ಬಿಡಲ್ಲ. ಗ್ರಬ್ ಮೆನುವಿನ ಸಾಲುಗಳನ್ನು ಕನ್ನಡದಲ್ಲಿ ಬರೆದಿದ್ದೆ. ಅಕ್ಷರಗಳು ಚೂರುಚೂರಾಗಿ ಬಂದವು, ಒತ್ತಕ್ಷರ ಪಕ್ಕಕ್ಕೆ ಬಿದ್ದಿತ್ತು. ಇದಕ್ಕೆ ದಾರಿ ಇದೆಯಾ?

ಕೆಜಿಎಫ್ ಲಿನಕ್ಸ್:

ಕನ್ನಡದ ಒತ್ತಕ್ಷರ, ಗುಣಿತ ಕೂಡಿಸಿ ಬರೆಯುವ ಏರ್ಪಾಡು ಗ್ರಬ್‌ನಲ್ಲಿ ಇಲ್ಲ. ಮೆನು ಸಾಲುಗಳನ್ನು ಇಂಗ್ಲಿಷ್‌ನಲ್ಲೇ ಬಿಡಿ. ಆದರೆ ಗ್ರಬ್‌ಗೆ ಹಿನ್ನೆಲೆ ಚಿತ್ರ ಕೊಡಬಹುದು. ಹೇಳಬೇಕಾದ್ದನ್ನು ಕನ್ನಡದಲ್ಲಿ ಬರೆದು ಪಿಎನ್‌ಜಿ ಚಿತ್ರ ಮಾಡಿ ಹಿಂದೆ ಇಡಿ. ಚಿತ್ರ ಒಡೆಯೋದಿಲ್ಲ.

ಐ3 ಮೆಷಿನ್‌ಗಳಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ಕಾವಲು) ಇದ್ದರೂ ತೊಂದರೆ ಇಲ್ಲ. ಅದು ಸಹಿ ನೋಡೋದು ಬೂಟ್ ಆಗುವಾಗ ಒಂದರ ಹಿಂದೆ ಒಂದು ಓಡುವ ಶಿಮ್, ಗ್ರಬ್, ಕರ್ನಲ್‌ಗೆ. ನೀವು ಅವನ್ನು ಮುಟ್ಟಿಲ್ಲ.

ಮಧುಗಿರಿ ಗಣಿತ ಟೀಚರ್:

ಮಧುಗಿರಿ ಬೆಟ್ಟದ ಫೋಟೊ ಹಾಕಿ, ಅದರ ಮೇಲೆ "ಮಕ್ಕಳೇ, ಈ ಪರದೆ ಕಂಡರೆ ಪೆನ್‌ಡ್ರೈವ್ ತೆಗೆದು ಟೀಚರನ್ನು ಕರೆಯಿರಿ" ಅಂತ ಬರೆದು ಇಟ್ಟೆ. ಚೆನ್ನಾಗಿ ಬಂತು.

ಶನಿವಾರ ಉಳಿದ 12 ಮೆಷಿನ್ ಮಾಡಿದೆ. ಮೂರು ಪೆನ್‌ಡ್ರೈವ್, ನಾನು, ಹತ್ತನೇ ತರಗತಿಯ ಇಬ್ಬರು ಹುಡುಗರು. ಹಾಟ್‌ಸ್ಪಾಟ್ ಮುಟ್ಟಲೇ ಇಲ್ಲ. ಒಂಬತ್ತೂವರೆಗೆ ಶುರು ಮಾಡಿದ್ದು, ಮಧ್ಯದಲ್ಲಿ ಒಂದು ಗಂಟೆ ಕರೆಂಟು ಹೋಗಿದ್ದೂ ಸೇರಿ ಮೂರು ಗಂಟೆಗೆ ಮುಗಿಯಿತು. ಒಂದು ಮೆಷಿನ್ ಮಾತ್ರ ಅರ್ಧಕ್ಕೆ ನಿಲ್ಲುತ್ತಿದೆ. ಡಿಸ್ಕ್ ಟಕ್ ಟಕ್ ಅನ್ನುತ್ತದೆ. ಅದಕ್ಕೆ ಬೇರೆ ಡಿಸ್ಕ್ ನೋಡಬೇಕು.

ಕೊರಟಗೆರೆ ಮೇಷ್ಟ್ರು:

ಮೇಡಂ, ನಮ್ಮ ಶಾಲೆಯಲ್ಲೂ 8 ಮೆಷಿನ್ ಇದೇ ಸ್ಥಿತಿಯಲ್ಲಿವೆ. ನಿಮ್ಮ ಐಎಸ್‌ಒ ನನಗೂ ಸಿಗುತ್ತಾ?

ಕೆಜಿಎಫ್ ಲಿನಕ್ಸ್:

ಕೊಡುವ ಮೊದಲು ಒಂದು ಕೆಲಸ ಮಾಡಿ ಮೇಡಂ. 2016ರ ಫೆಬ್ರುವರಿಯಲ್ಲಿ ಮಿಂಟ್‌ನವರ ವೆಬ್‌ಸೈಟಿಗೇ ಯಾರೋ ನುಗ್ಗಿ, 17.3 ಸಿನ್ನಮನ್ ಐಎಸ್‌ಒದ ಕೊಂಡಿಯನ್ನು ಕಳ್ಳಬಾಗಿಲು ಇಟ್ಟ ಐಎಸ್‌ಒ ಕಡೆಗೆ ತಿರುಗಿಸಿದ್ದರು. ನಾವು ಈಗ ಮಾಡಿದ ಕೆಲಸವನ್ನೇ ಅವರು ಕೆಟ್ಟದ್ದಕ್ಕೆ ಮಾಡಿದ್ದು. ನಿಮ್ಮ ಐಎಸ್‌ಒದ ಎಸ್‌ಎಚ್‌ಎ 256 ಮೊತ್ತ (ಫೈಲ್ ಒಂದು ಚೂರು ಬದಲಾದರೂ ಬೇರೆಯಾಗುವ ಗುರುತು) ತೆಗೆದು, ಫೈಲ್ ಒಂದು ದಾರಿಯಲ್ಲಿ, ಮೊತ್ತ ಇನ್ನೊಂದು ದಾರಿಯಲ್ಲಿ ಕೊಡಿ. ಪ್ರಿಸೀಡ್‌ನಲ್ಲಿರುವ ನಿಮ್ಮ ಶಾಲೆಯ ಪಾಸ್‌ವರ್ಡ್ ಹ್ಯಾಶ್ ತೆಗೆದು ಇನ್ನೊಂದು ಪ್ರತಿ ಮಾಡಿ ಕೊಡಿ.

ಮಧುಗಿರಿ ಗಣಿತ ಟೀಚರ್:

ಮಾಡಿದೆ. ಮೇಷ್ಟ್ರೇ, ಬುಧವಾರ ಸಂಜೆ ಐದಕ್ಕೆ ಮಧುಗಿರಿ ಬಸ್ ಸ್ಟ್ಯಾಂಡಿಗೆ ಬನ್ನಿ, ಪೆನ್‌ಡ್ರೈವ್ ಕೊಡುತ್ತೇನೆ. 64 ಅಕ್ಷರದ ಮೊತ್ತವನ್ನು ನಾಲ್ಕು ನಾಲ್ಕಾಗಿ ಬಿಡಿಸಿ ನೋಟ್‌ಬುಕ್ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅದು ಪೆನ್‌ಡ್ರೈವ್ ಜೊತೆ ಬರಲ್ಲ. ರಾತ್ರಿ ಫೋನ್ ಮಾಡಿ, ಒಂದೊಂದೇ ಓದಿ ಹೇಳುತ್ತೇನೆ.